ಅಳಿಯನ ಪಾಲಿನಿಂದ ಮಗನ ಪಾಲಿಗೆ

ಬಾರಕೂರಿನ ಭೂತಾಳಪಾಂಡ್ಯನ ಕಥೆಯನ್ನು ಕೇಳದವರು ನಮ್ಮ ಕಡೆಯಲ್ಲಿ ವಿರಳ. ದೇವಪಾಂಡ್ಯನೆಂಬವನು ಹಡಗುಗಳನ್ನು ಕಟ್ಟಿಸಿ ಸರಕು ತುಂಬಿಸಿ ಕಡಲಿಗೆ ಇಳಿಸಲು ಹೊರಟಾಗ ಕುಂಡೋದರನೆಂಬ ಭೂತರಾಜನು ತಡೆದು ನರಬಲಿಯನ್ನು ಕೇಳಿದನಂತೆ. ತನ್ನ ಮಕ್ಕಳಲ್ಲಿ ಒಬ್ಬನನ್ನು ಕೊಡಲು ದೇವಪಾಂಡ್ಯನ ಹೆಂಡತಿ ಒಪ್ಪಲಿಲ್ಲ. ತಂಗಿ ಸತ್ಯವತಿಯು ತನ್ನ ಮಗ ಜಯಪಾಂಡ್ಯನನ್ನು ಮುಂದೆ ತಂದು ನಿಲ್ಲಿಸಿದಳು. ಹುಡುಗನ ಲಕ್ಷಣಗಳನ್ನು ಕಂಡು ಮೆಚ್ಚಿದ ಕುಂಡೋದರನು ಅವನನ್ನು ಬಲಿ ತೆಗೆದುಕೊಳ್ಳದೆ ಪಟ್ಟಕ್ಕೇರಿಸಿದನು, ಭೂತಾಳಪಾಂಡ್ಯನೆಂಬ ಹೆಸರಿತ್ತನು, ಇನ್ನು ಮುಂದೆ ಆಸ್ತಿಯು ಮಗನಿಗೆ ಹೋಗದೆ ತಂಗಿಯ ಮಗನಿಗೇ ಸಲ್ಲಬೇಕೆಂದು ಕಟ್ಟಳೆ ಮಾಡಿಸಿದನು. ಅಳಿಯಕಟ್ಟು ಅಥವಾ ಅಳಿಯಸಂತಾನ ಪದ್ಧತಿ ಹುಟ್ಟಿದ್ದು ಹೀಗೆ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ.

ಕಥೆಯು ಸೊಗಸಾಗಿದೆ. ಈ ಕಟ್ಟಳೆಗೆ ಕ್ರಿ.ಶ. 77ನೆಯ ವರ್ಷವನ್ನು ಗೊತ್ತುಮಾಡಿ ಹೇಳುವ ರೂಢಿಯೂ ಇದೆ. ಆದರೆ ಶಾಸನಗಳನ್ನು ಓದಿ ತುಳುನಾಡಿನ ಚರಿತ್ರೆಯನ್ನು ಬರೆದ ಪಾದೂರು ಗುರುರಾಜ ಭಟ್ಟ, ಕೆ.ವಿ. ರಮೇಶ್ ಮೊದಲಾದ ವಿದ್ವಾಂಸರು ಇಷ್ಟು ಹಳೆಯ ಕಾಲವನ್ನು ಒಪ್ಪಲಿಲ್ಲ. ಭೂತಾಳಪಾಂಡ್ಯನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಕಟ್ಟುಕಟ್ಟಳೆಯ ಬರಹದ ಹಳಮೆಯನ್ನು 19ನೆಯ ಶತಮಾನದಲ್ಲಿಯೇ ಸಂಶಯಿಸಿದವರಿದ್ದರು. ಈ ಲೇಖನದ ಮಟ್ಟಿಗೆ ಕಾಲನಿರ್ಣಯಕ್ಕಿಂತ ಬೇರೊಂದು ಸಂಗತಿಯು ಮುಖ್ಯವಾದುದು. ಒಂದು ರೂಢಿಯು ಇದ್ದರೆ ಅದನ್ನು ಯಾರೋ ಒಬ್ಬರು ಒಂದು ದಿನ ವಿಧಿಸಿರಲೇಬೇಕು ಎಂದು ಕಥೆಯು ಊಹಿಸುತ್ತದೆ. ನಾವೂ ಸಾಮಾನ್ಯವಾಗಿ ಹಾಗೆಯೇ ಊಹಿಸುತ್ತೇವೆ. ಯಾರೂ ವಿಧಿಸದೆಯೇ ರೂಢಿಯು ಬೇರೂರಬಲ್ಲದೆ? ಬೇರೂರಿದ ಮೇಲೆ ಅದು ಶತಮಾನಗಳವರೆಗೆ ಅಲುಗದೆ ನಿಂತು, ಆಮೇಲೆ ಎರಡು ತಲೆಮಾರುಗಳಲ್ಲಿ ಮಾಯವಾಗುವುದು ಏಕೆ? ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿ ಇವೆರಡೂ ನಡೆದುಹೋಗಿವೆ.

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಎಂಬ ತತ್ತ್ವಜ್ಞಾನಿಯು 1740ರಲ್ಲಿ ಪ್ರಕಟಿಸಿದ ಗ್ರಂಥಭಾಗದಲ್ಲಿ ಒಂದು ದೋಣಿಯ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಇಬ್ಬರು ಒಂದು ದೋಣಿಯಲ್ಲಿ ಕುಳಿತು ಹುಟ್ಟು ಹಾಕುತ್ತಾರೆ. ಪರಸ್ಪರ ಮಾತು ಕೊಟ್ಟಿಲ್ಲ, ಕರಾರು ಬರೆದಿಲ್ಲ. ಆದರೂ ಇಬ್ಬರ ಹುಟ್ಟುಗಳೂ ಒಂದೇ ಲಯಕ್ಕೆ ಬೀಳುತ್ತವೆ, ಏಕೆಂದರೆ ಒಬ್ಬನು ಲಯ ತಪ್ಪಿದರೆ ದೋಣಿ ಅಡ್ಡ ತಿರುಗುತ್ತದೆ, ತಪ್ಪಿದವನೂ ಅದೇ ದೋಣಿಯಲ್ಲಿದ್ದಾನೆ. ಗಂಗೊಳ್ಳಿಯ ಹೊಳೆಬಾಯಿಯಲ್ಲಿ ದೋಣಿ ನಡೆಸಿದವರಿಗೆ ಇದನ್ನು ತತ್ತ್ವಜ್ಞಾನಿ ಬಂದು ಹೇಳಬೇಕಾಗಿಲ್ಲ. ಆದರೆ ಹ್ಯೂಮನು ಇದರಿಂದ ತೆಗೆದ ತೀರ್ಮಾನವು ದೊಡ್ಡದು: ಆಸ್ತಿಯ ಹಕ್ಕು, ಹಣದ ಬೆಲೆ, ಭಾಷೆಯ ಮಾತು, ಇವೆಲ್ಲ ಇದೇ ರೀತಿಯಲ್ಲಿ, ಕರಾರಿಲ್ಲದ ಹೊಂದಾಣಿಕೆಯಿಂದ ನೆಲೆಗೊಂಡವು ಎಂಬುದು. 1969ರಲ್ಲಿ ಅಮೆರಿಕದ ಡೇವಿಡ್ ಲೂಯಿಸ್ ಈ ವಿಚಾರವನ್ನು ಆಟದ ಸಿದ್ಧಾಂತದ ಭಾಷೆಗೆ ತಂದರು. ರೂಢಿಯೆಂದರೆ ಎಲ್ಲರೂ ಪಾಲಿಸುತ್ತಾರೆಂದು ಎಲ್ಲರೂ ನಂಬಿರುವುದರಿಂದಲೇ ಪ್ರತಿಯೊಬ್ಬನಿಗೂ ಪಾಲಿಸುವುದು ಹಿತವಾಗಿರುವ ನಡವಳಿಕೆ. ಅದರ ಬದಲು ಇನ್ನೊಂದು ನಡವಳಿಕೆಯೂ ಅಷ್ಟೇ ಚೆನ್ನಾಗಿ ನಡೆಯಬಹುದಿತ್ತು.

ಇಲ್ಲಿಗೆ ಪ್ರಾಣಿಶಾಸ್ತ್ರವು ಬಂದು ಸೇರಿದ್ದು ವಿಚಿತ್ರವಾದ ತಿರುವು. 1973ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ಎಂಬವರು, ಪ್ರಾಣಿಗಳು ಜಗಳವಾಡುವಾಗ ಸಾಮಾನ್ಯವಾಗಿ ಪ್ರಾಣ ಹೋಗುವವರೆಗೆ ಏಕೆ ಕಾದಾಡುವುದಿಲ್ಲ ಎಂಬ ಪ್ರಶ್ನೆಗೆ ಗಣಿತದಿಂದ ಉತ್ತರ ಹುಡುಕಿದರು. ಯೋಚನಾಶಕ್ತಿ ಇಲ್ಲದ ಜೀವಿಗಳಲ್ಲಿಯೂ ತಲೆಮಾರುಗಳ ಆಯ್ಕೆಯಿಂದ ಒಂದು ನಡವಳಿಕೆಯು ಸ್ಥಿರವಾಗಬಲ್ಲದು. ಬಹುಪಾಲು ಅದನ್ನೇ ಅನುಸರಿಸುವಾಗ ಬೇರೆ ರೀತಿ ನಡೆದ ಒಂಟಿ ಜೀವಿಗೆ ನಷ್ಟವೇ ಆಗುತ್ತದೆ. ಇಂಗ್ಲೆಂಡಿನ ಕಾಡಿನಲ್ಲಿ ಬಿಸಿಲು ಬಿದ್ದ ತಾಣಗಳಿಗಾಗಿ ಹೋರಾಡುವ ಒಂದು ಜಾತಿಯ ಚಿಟ್ಟೆಗಳನ್ನು ನಿಕೊಲಾಸ್ ಡೇವಿಸ್ ಎಂಬ ವಿಜ್ಞಾನಿ ಗಮನಿಸಿ 1978ರಲ್ಲಿ ವರದಿ ಮಾಡಿದರು. ಮೊದಲು ಬಂದು ಕುಳಿತ ಚಿಟ್ಟೆಯೇ ಗೆಲ್ಲುತ್ತದೆ, ಆಮೇಲೆ ಬಂದದ್ದು ಸ್ವಲ್ಪ ಸುತ್ತಾಡಿ ಹೊರಟುಹೋಗುತ್ತದೆ. ಬಸ್ಸಿನ ಸೀಟಿನ ಮೇಲೆ ಟವೆಲು ಇಡುವ ನಮ್ಮ ಪದ್ಧತಿಯಲ್ಲಿಯೂ ಇದೇ ನ್ಯಾಯವಿದೆ! ಮುಂದೆ 1993ರಲ್ಲಿ ಪೇಟನ್ ಯಂಗ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಮಾನವಸಮಾಜಕ್ಕೆ ಅನ್ವಯಿಸಿದರು. ಜನರು ನೆರೆಹೊರೆಯನ್ನು ನೋಡಿ ನಡೆಯುತ್ತಾರೆ, ಕೆಲವೊಮ್ಮೆ ಒಬ್ಬಿಬ್ಬರು ಬೇರೆಯಾಗಿ ನಡೆಯುತ್ತಾರೆ. ಆ ಸಣ್ಣ ಭಿನ್ನತೆಗಳು ಬಹುಕಾಲ ಏನನ್ನೂ ಬದಲಿಸಿದಂತೆ ಕಾಣುವುದಿಲ್ಲ. ಯಾವುದೋ ಒಂದು ಘಟ್ಟದಲ್ಲಿ ಅವು ಸಾಕಷ್ಟಾದಾಗ ಇಡೀ ಸಮಾಜವು ಒಮ್ಮೆಲೇ ಇನ್ನೊಂದು ರೂಢಿಗೆ ಜಾರುತ್ತದೆ.

ಈಗ ಅಳಿಯಕಟ್ಟಿಗೆ ಬರೋಣ. ಈ ಪದ್ಧತಿಯಲ್ಲಿ ಹೆಂಡತಿಯು ಸಾಮಾನ್ಯವಾಗಿ ಗಂಡನ ಮನೆಯಲ್ಲಿ ಬಾಳಿದರೂ ಆಕೆಯ ಮಕ್ಕಳ ಹಕ್ಕು ಇದ್ದುದು ಆಕೆಯ ತೌರಿನಲ್ಲಿ. ಕುಟುಂಬವೆಂದರೆ ಒಬ್ಬ ಮೂಲಸ್ತ್ರೀಯ ಹೆಣ್ಣುಸಂತತಿಯಿಂದ ಬಂದವರೆಲ್ಲರೂ. ಆಸ್ತಿ ಇಡೀ ಕುಟುಂಬದ್ದು. ನೋಡಿಕೊಳ್ಳುವವನು ಯಜಮಾನ, ಹಿರಿಯ ಹೆಂಗಸು ಆ ಸ್ಥಾನಕ್ಕೆ ಬಂದರೆ ಯಜಮಾನ್ತಿ. ಯಜಮಾನನು ತೀರಿಕೊಂಡರೆ ಅವನ ಮಗನಿಗೆ ಆ ಮನೆಯಲ್ಲಿ ಏನೂ ಇಲ್ಲ, ಸೋದರಳಿಯನು ಮುಂದುವರಿಸುತ್ತಾನೆ. ಹೊರಗಿನಿಂದ ನೋಡಿದವರಿಗೆ ಇದು ತಂದೆಯಿಂದ ಮಗನಿಗೆ ಆಗುವ ಅನ್ಯಾಯವೆಂದು ಕಂಡಿತು. 1801ರಲ್ಲಿ ಈ ಕರಾವಳಿಯ ದಾರಿಯಲ್ಲಿಯೇ ಪ್ರಯಾಣ ಮಾಡಿದ ಫ್ರಾನ್ಸಿಸ್ ಬುಕನನ್‌ರಿಂದ ಮೊದಲ್ಗೊಂಡು ಇಲ್ಲಿಗೆ ಬಂದ ಐರೋಪ್ಯರಿಗೆ ಇದೊಂದು ಕೌತುಕದ ವಿಷಯವಾಗಿತ್ತು. ಆದರೆ ಅನ್ಯಾಯವೆಲ್ಲಿ? ಆ ಮಗನಿಗೆ ತನ್ನ ತಾಯಿಯ ಮನೆಯಲ್ಲಿ, ಸೋದರಮಾವನ ಬಳಿ, ಹಕ್ಕಿದೆ. ಎಲ್ಲರೂ ಅಳಿಯಕಟ್ಟಿನಲ್ಲಿದ್ದರೆ ಹುಟ್ಟಿದ ಪ್ರತಿಯೊಂದು ಮಗುವಿಗೂ ಒಂದು ಮನೆಯುಂಟು. ಎಲ್ಲರೂ ಮಕ್ಕಳಕಟ್ಟಿನಲ್ಲಿದ್ದರೂ ಪ್ರತಿಯೊಂದು ಮಗುವಿಗೂ ಒಂದು ಮನೆಯುಂಟು.

ತೊಡಕು ಬರುವುದು ಎರಡೂ ಬೆರೆತಾಗ. ಅಳಿಯಕಟ್ಟಿನ ಮನೆಯ ಹುಡುಗಿಯನ್ನು ಮಕ್ಕಳಕಟ್ಟಿನ ಮನೆಗೆ ಕೊಟ್ಟರೆಂದು ಭಾವಿಸಿರಿ. ಆಕೆಯ ಮಕ್ಕಳಿಗೆ ತಾಯಿಯ ಕಡೆಯಿಂದಲೂ ಹಕ್ಕು, ತಂದೆಯ ಕಡೆಯಿಂದಲೂ ಹಕ್ಕು: ಎರಡು ಮನೆ. ಇದಕ್ಕೆ ವಿರುದ್ಧವಾಗಿ ಮಕ್ಕಳಕಟ್ಟಿನ ಮನೆಯ ಹುಡುಗಿಯನ್ನು ಅಳಿಯಕಟ್ಟಿನ ಮನೆಗೆ ಕೊಟ್ಟರೆ? ತಂದೆಯ ಮನೆಯ ಆಸ್ತಿ ತಂದೆಯ ಸೋದರಳಿಯನಿಗೆ. ತಾಯಿಯ ಮನೆಯದು ತಾಯಿಯ ಅಣ್ಣತಮ್ಮಂದಿರ ಮಕ್ಕಳಿಗೆ. ಈ ಮಗುವಿಗೆ ಎಲ್ಲಿಯೂ ಇಲ್ಲ. ಆದುದರಿಂದ ಸುತ್ತಲಿನವರೆಲ್ಲ ಅಳಿಯಕಟ್ಟಿನಲ್ಲಿರುವಾಗ ಒಂದು ಮನೆಯು ಮಾತ್ರ ಮಕ್ಕಳಕಟ್ಟಿಗೆ ಬದಲಾದರೆ, ಮಾವನ ಆಸರೆಯನ್ನು ನಂಬಿ ಬೆಳೆದ ಅಳಿಯಂದಿರು ಕೂಡಲೇ ಬೀದಿಗೆ ಬೀಳುತ್ತಾರೆ. ಆ ಮನೆಯ ಗಂಡುಮಕ್ಕಳಿಗೆ ಸಂಬಂಧ ಸುಲಭವಾದೀತು, ಹೆಣ್ಣುಮಕ್ಕಳ ಸಂತತಿಗೆ ಮಾತ್ರ ನೆಲೆಯಿಲ್ಲದಂತಾಗುತ್ತದೆ. ಯಾವ ಯಜಮಾನನು ಒಬ್ಬನೇ ಈ ಹೆಜ್ಜೆಯನ್ನಿಟ್ಟಾನು? ತನ್ನ ಮಗನ ಮೇಲೆ ಎಷ್ಟೇ ಅಕ್ಕರೆಯಿದ್ದರೂ ಅವನು ರೂಢಿಯನ್ನು ಪಾಲಿಸಿದನು. ಭೂತರಾಜನ ಹೆದರಿಕೆಯಿಲ್ಲದಿದ್ದರೂ ಪಾಲಿಸುತ್ತಿದ್ದನು.

ಇದರಿಂದಲೇ ಇನ್ನೊಂದು ಸಂಗತಿಯೂ ಅರ್ಥವಾಗುತ್ತದೆ. ಕುಂದಾಪುರದ ಒಂದೇ ಊರಿನಲ್ಲಿ ನಾಡವರು ಅಥವಾ ಬಂಟರು, ಬಿಲ್ಲವರು, ಮೊಗವೀರರು ಅಳಿಯಕಟ್ಟನ್ನೂ, ಕೋಟದ ಬ್ರಾಹ್ಮಣರು, ಗೌಡ ಸಾರಸ್ವತರು, ಗೋವೆಯಿಂದ ಬಂದ ಕೊಂಕಣಿ ಕ್ರೈಸ್ತರು ಮಕ್ಕಳಕಟ್ಟನ್ನೂ ಶತಮಾನಗಳ ಕಾಲ ಅಕ್ಕಪಕ್ಕದಲ್ಲಿಯೇ ನಡೆಸಿಕೊಂಡು ಬಂದರು. ಒಂದು ಪದ್ಧತಿ ಇನ್ನೊಂದನ್ನು ನುಂಗಲಿಲ್ಲ. ಗೇಣಿ, ಸಾಲ, ಸಂತೆ, ಆಸ್ಪತ್ರೆ, ಶಾಲೆ ಎಲ್ಲದರಲ್ಲಿಯೂ ಬಳಕೆಯಿತ್ತು. ಮದುವೆಯ ಬಳಕೆ ಇರಲಿಲ್ಲ. ಎರಡು ರೂಢಿಗಳು ಘರ್ಷಿಸುವ ಜಾಗವೇ ಮದುವೆಯಾಗಿದ್ದುದರಿಂದ, ಮದುವೆಯ ಗೆರೆಯೇ ರೂಢಿಯ ಗೆರೆಯೂ ಆಯಿತು.

ಮೊದಲು ಹುಟ್ಟಿದ್ದು ಏಕೆ ಎಂಬ ಪ್ರಶ್ನೆಗೆ ಅನೇಕ ಊಹೆಗಳಿವೆ: ಗಂಡಸರು ಯುದ್ಧಕ್ಕೂ ಕಡಲಿಗೂ ಹೋಗುತ್ತಿದ್ದರು, ತಾಯಿ ಯಾರೆಂಬುದು ಖಚಿತ, ಭೂಮಿ ಹೋಳಾಗಬಾರದು ಇತ್ಯಾದಿ. ಮೂರನೆಯದರಲ್ಲಿ ಹುರುಳಿದೆಯೆಂದು ನನಗೆ ತೋರುತ್ತದೆ. ಬೈಲಿನ ಗದ್ದೆ, ಅದರ ಮೇಲಿನ ಬೆಟ್ಟು, ನೀರಿನ ತೋಡು, ಇವನ್ನು ಹತ್ತು ಪಾಲು ಮಾಡಿದರೆ ಬೇಸಾಯವೇ ಕೆಡುತ್ತದೆ.

ರೂಢಿಯು ಕಾನೂನಾಗಿ ಗಟ್ಟಿಯಾದದ್ದು ಇಂಗ್ಲಿಷರ ಕಾಲದಲ್ಲಿ. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಪ್ರದೇಶವು ಈಸ್ಟ್ ಇಂಡಿಯಾ ಕಂಪೆನಿಗೆ ಸೇರಿ ಥಾಮಸ್ ಮನ್ರೋ ಮೊದಲ ಕಲೆಕ್ಟರನಾಗಿ ಬಂದನು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ, ಬೈಂದೂರನ್ನೂ ಒಳಗೊಂಡಿದ್ದ ಕುಂದಾಪುರ ತಾಲೂಕು ಮದರಾಸಿನಲ್ಲಿಯೇ ಉಳಿಯಿತು. ಹೀಗಾಗಿ ನಮ್ಮ ಮನೆಗಳ ವ್ಯಾಜ್ಯಗಳು ಮದರಾಸಿನ ಹೈಕೋರ್ಟಿಗೆ ಹೋದವು. ಆ ನ್ಯಾಯಾಲಯವು 1863ರಲ್ಲಿ, ಅಳಿಯಸಂತಾನ ಕುಟುಂಬದ ಆಸ್ತಿಯನ್ನು ಒಬ್ಬ ಸದಸ್ಯನು ಕೇಳಿದ ಮಾತ್ರಕ್ಕೆ ಪಾಲು ಮಾಡುವಂತಿಲ್ಲವೆಂದು ತೀರ್ಮಾನ ಕೊಟ್ಟಿತು. ಮನೆಯೊಳಗೆ ಮಾತಿನಿಂದ ಸಡಿಲಗೊಳ್ಳಬಹುದಾಗಿದ್ದ ಕಟ್ಟಳೆಗೆ ಹೊರಗಿನಿಂದ ಬೀಗ ಬಿದ್ದಂತಾಯಿತು.

ಅದೇ 1863ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದ ಇನ್ನೊಂದು ವ್ಯಾಜ್ಯವು ಕ್ರೈಸ್ತರಿಗೆ ಸಂಬಂಧಿಸಿದ್ದು. ಬಳ್ಳಾರಿಯ ಮ್ಯಾಥ್ಯೂ ಅಬ್ರಹಾಂ ಎಂಬವರು ತೀರಿಕೊಂಡ ಮೇಲೆ ಅವರ ಪತ್ನಿ ಷಾರ್ಲೆಟ್ ಮತ್ತು ತಮ್ಮ ಫ್ರಾನ್ಸಿಸ್ ನಡುವೆ ಆಸ್ತಿಯ ವಿವಾದವೆದ್ದಿತು. ಕ್ರೈಸ್ತನಾದವನಿಗೆ ಹಿಂದೂ ಅವಿಭಕ್ತ ಕುಟುಂಬದ ಕಟ್ಟಳೆ ಅನ್ವಯಿಸುತ್ತದೆಯೆ? ಮತಾಂತರದಿಂದ ಹಳೆಯ ಕಾನೂನಿನ ಬಂಧನವು ಕಳಚುತ್ತದೆ, ಆದರೆ ಆಸ್ತಿಯ ವಿಷಯದಲ್ಲಿ ಹಳೆಯ ರೂಢಿಯನ್ನು ಇಟ್ಟುಕೊಳ್ಳುವುದೂ ಬಿಡುವುದೂ ಅವನ ನಡವಳಿಕೆಗೆ ಬಿಟ್ಟದ್ದು ಎಂದು ಕೌನ್ಸಿಲ್ ಹೇಳಿತು. ಕುಟುಂಬವೊಂದು ತಾನು ಯಾರೊಡನೆ ಬೆರೆತು ಬಾಳುತ್ತದೆಯೋ ಅವರ ರೂಢಿಗೆ ಬರುತ್ತದೆಂಬ ಮಾತನ್ನು ನ್ಯಾಯಾಧೀಶರು ಅಂದೇ ಗುರುತಿಸಿದ್ದರು. ಎರಡು ವರ್ಷಗಳ ನಂತರ ಬಂದ 1865ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಕ್ರೈಸ್ತರ ಮಟ್ಟಿಗೆ ಆ ಆಯ್ಕೆಯನ್ನು ಮುಗಿಸಿತು. ಅದರ ಜಾಗದಲ್ಲಿ ಬಂದ 1925ರ ಕಾಯಿದೆ ಇಂದಿಗೂ ನಮಗೆ ಅನ್ವಯಿಸುತ್ತದೆ.

ಅಳಿಯಕಟ್ಟಿನ ಸವಕಳಿ ಸದ್ದಿಲ್ಲದೆ ಮೊದಲಾಯಿತು. ಗದ್ದೆಯ ಆಸ್ತಿ ಕುಟುಂಬದ್ದು ಸರಿ. ಆದರೆ ಶಾಲಾ ಮಾಸ್ತರನ ಸಂಬಳ, ವಕೀಲನ ಫೀಸು, ಮುಂಬಯಿಯ ಹೋಟೆಲಿನ ಲಾಭ ಯಾರದು? ಸ್ವಂತ ಗಳಿಕೆಯನ್ನು ಒಬ್ಬನು ಬದುಕಿರುವಾಗಲೇ ದಾನಪತ್ರದಿಂದ ಹೆಂಡತಿಮಕ್ಕಳಿಗೆ ಕೊಡಬಹುದಿತ್ತು. ಕೊಡದೆ ತೀರಿಕೊಂಡರೆ ಅದು ಕುಟುಂಬಕ್ಕೆ ಸೇರುತ್ತಿತ್ತು. ಊರು ಬಿಟ್ಟು ಹೋಗಿ ಹೆಂಡತಿಮಕ್ಕಳೊಡನೆ ಬಾಡಿಗೆ ಮನೆಯಲ್ಲಿ ಬಾಳಿದವನು ದಾನಪತ್ರ ಬರೆದನು. ಅದನ್ನು ನೋಡಿ ಇನ್ನೊಬ್ಬನು ಬರೆದನು. ಹೀಗೆ ಬರೆದ ಒಬ್ಬೊಬ್ಬನೂ ಸೋದರಳಿಯನಿಗೆ ಒಂದು ಸೂಚನೆ ಕೊಟ್ಟಂತಾಯಿತು: ಮಾವನನ್ನು ಪೂರ್ತಿಯಾಗಿ ನಂಬಬೇಡ, ನಿನ್ನ ತಂದೆಯನ್ನೂ ಕೇಳು. ಅಳಿಯನು ತಂದೆಯನ್ನು ಕೇಳತೊಡಗಿದಾಗ ತಂದೆಗೂ ದಾನಪತ್ರ ಬರೆಯುವ ಒತ್ತಡ ಬಂತು. ಪೇಟನ್ ಯಂಗ್ ಹೇಳಿದ ಸಣ್ಣ ಭಿನ್ನತೆಗಳು ಇವೇ.

ಆಮೇಲಿನದು ವೇಗವಾಗಿ ನಡೆಯಿತು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕುಟುಂಬದ ಕವರುಗಳಿಗೆ, ಅಂದರೆ ಹೆಣ್ಣಿನಿಂದ ಹುಟ್ಟಿದ ಶಾಖೆಗಳಿಗೆ, ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಮುಂದೆ ಸಂತತಿ ಬೆಳೆಯಲಾರದ ನಿಸ್ಸಂತತಿ ಕವರಿಗೆ ಜೀವಮಾನದ ಅನುಭೋಗ ಮಾತ್ರ ಎಂಬ ನಿಯಮದಿಂದ ಮುಂದಿನ ಹಲವು ದಶಕಗಳ ವ್ಯಾಜ್ಯಗಳು ಹುಟ್ಟಿದವು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಅಳಿಯಸಂತಾನದವರನ್ನೂ ಹೆಸರಿಸಿ ಒಳಗೆ ತಂದಿತು: ಇನ್ನು ಮುಂದೆ ಒಬ್ಬನು ತೀರಿಕೊಂಡರೆ ಕುಟುಂಬದಲ್ಲಿ ಅವನಿಗಿದ್ದ ಪಾಲು ಅವನ ಹೆಂಡತಿಗೆ, ಮಕ್ಕಳಿಗೆ, ತಾಯಿಗೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಗದ್ದೆಗಳು ಉಳುವವನದಾದಾಗ, ಹೋಳಾಗದಂತೆ ಕಾಯ್ದುಕೊಳ್ಳಬೇಕಾಗಿದ್ದ ಭೂಮಿಯೇ ಅನೇಕ ದೊಡ್ಡ ಮನೆಗಳಲ್ಲಿ ಉಳಿಯಲಿಲ್ಲ.

ಕಾನೂನು ಬಂದುದರಿಂದ ರೂಢಿ ಬದಲಾಯಿತೆಂದು ಹೇಳುವುದು ಸುಲಭ. ಅದು ಅರ್ಧಸತ್ಯ. 1957ರ ಏಪ್ರಿಲ್ 1ರಂದು ಸರಕಾರವು ಆಣೆಯನ್ನು ತೆಗೆದು ನೂರು ಪೈಸೆಯ ರೂಪಾಯಿಯನ್ನು ತಂದಿತು. ಕುಂದಾಪುರದ ಸಂತೆಯಲ್ಲಿ ಇಪ್ಪತ್ತೈದು ಪೈಸೆಗೆ ‘ನಾಲ್ಕಾಣೆ’ ಎನ್ನುವ ಮಾತು ಮಾತ್ರ, 2011ರ ಜೂನ್ ಕೊನೆಯಲ್ಲಿ ಆ ನಾಣ್ಯವನ್ನೇ ಹಿಂತೆಗೆದುಕೊಳ್ಳುವವರೆಗೂ ನಿಂತಿತು. ಕಾನೂನು ಗೆಲ್ಲುವುದು, ಜನರು ಆಗಲೇ ಒಬ್ಬರನ್ನೊಬ್ಬರು ನೋಡಿ ಜಾರತೊಡಗಿದ್ದ ದಿಕ್ಕಿಗೆ ಅದು ತಳ್ಳಿದಾಗ. ಅಥವಾ ಎಲ್ಲರೂ ಒಂದೇ ದಿನ ಬದಲಾಗುವರೆಂಬ ಭರವಸೆಯನ್ನು ಕೊಟ್ಟಾಗ. ಸ್ವೀಡನ್ ದೇಶವು 1967ರ ಸೆಪ್ಟೆಂಬರ್ 3ರಂದು ಬೆಳಗಿನ ಜಾವ ಐದು ಗಂಟೆಗೆ ತನ್ನ ವಾಹನಗಳನ್ನೆಲ್ಲ ರಸ್ತೆಯ ಎಡಬದಿಯಿಂದ ಬಲಬದಿಗೆ ದಾಟಿಸಿದ್ದು ಎರಡನೆಯ ಬಗೆ. ಗೋವೆಯ ಉದಾಹರಣೆ ಇದಕ್ಕೆ ತಿರುಗುಮುರುಗು: ಪೋರ್ಚುಗಲ್ 1928ರಲ್ಲಿ ಬಲಬದಿಗೆ ಹೋದರೂ ಗೋವೆಯು ಎಡಬದಿಯಲ್ಲಿಯೇ ಉಳಿಯಿತು, ಏಕೆಂದರೆ ಅದರ ಮೂರು ಸುತ್ತಲೂ ಇದ್ದ ರಸ್ತೆಗಳು ಎಡಬದಿಯವು.

ಈ ಬದಲಾವಣೆಯಿಂದ ಹೆಣ್ಣುಮಕ್ಕಳಿಗೆ ಆದುದೇನು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಅಳಿಯಕಟ್ಟು ಹೆಂಗಸರ ಆಳ್ವಿಕೆಯೇನೂ ಆಗಿರಲಿಲ್ಲ, ಬಹುಪಾಲು ಮನೆಗಳಲ್ಲಿ ಯಜಮಾನಿಕೆ ಗಂಡಸರದೇ. ಆದರೆ ವಿಧವೆಯಾದ ಅಥವಾ ಗಂಡನಿಂದ ಬೇರೆಯಾದ ಹೆಂಗಸು ಮಕ್ಕಳೊಡನೆ ಹಿಂತಿರುಗಿ ಬಂದರೆ ಅವಳು ಯಾರ ಹಂಗಿನವಳೂ ಆಗಿರಲಿಲ್ಲ. ಅವಳ ಮಕ್ಕಳೇ ಆ ಮನೆಯ ವಾರಸುದಾರರು. ಮಕ್ಕಳಕಟ್ಟಿಗೆ ಬಂದಾಗ ಆ ನೆಲೆ ಸಡಿಲವಾಯಿತು. ಹೊಸ ಕಾನೂನು ಮಗಳಿಗೆ ತಂದೆಯ ಪಾಲಿನಲ್ಲಿ ಮಗನ ಸಮಾನ ಹಕ್ಕನ್ನು ಕೊಟ್ಟಿತಾದರೂ ಕಾಗದದ ಪಾಲನ್ನು ಕೇಳಿ ಪಡೆಯುವ ರೂಢಿ ಅದರೊಡನೆ ಬರಲಿಲ್ಲ. ಬಂದದ್ದು ವರದಕ್ಷಿಣೆ. ಮಗಳ ಸಂತತಿಗೆ ತೌರಿನಲ್ಲಿ ನೆಲೆಯಿಲ್ಲವೆಂದಾದಾಗ, ಮದುವೆಯ ದಿನವೇ ಅವಳ ಕೈಯಲ್ಲಿ ಏನಾದರೂ ಇಟ್ಟು ಕಳುಹಿಸಬೇಕೆಂಬ ಭಾವನೆಯೂ ಇದಕ್ಕೆ ಇಂಬು ಕೊಟ್ಟಿರಬೇಕೆಂದು ನನಗೆ ತೋರುತ್ತದೆ. 1961ರ ನಿಷೇಧ ಕಾಯಿದೆಯು ಅದನ್ನು ತಡೆಯಲಾರದೆ ಹೋಯಿತು.

ಕ್ರೈಸ್ತ ಮನೆಗಳವರು ಇದನ್ನು ನೆರೆಮನೆಯ ಸುದ್ದಿಯೆಂದು ಓದುವಂತಿಲ್ಲ. ಕೊಂಕಣಿಯ ‘ದೋತ್’ ಎಂಬ ಮಾತು ಪೋರ್ಚುಗೀಸಿನಿಂದ ಬಂದದ್ದು. ಪದ್ಧತಿ ನಮ್ಮ ಹಿರಿಯರ ಸಾಮಾನಿನೊಡನೆಯೇ ಬಂದಿತ್ತು. 1925ರ ಕಾಯಿದೆಯಂತೆ, ಉಯಿಲಿಲ್ಲದೆ ತೀರಿಕೊಂಡ ತಂದೆಯ ಆಸ್ತಿಯಲ್ಲಿ ಮಗಳಿಗೂ ಮಗನಿಗೂ ಸಮಪಾಲು. ಆದರೂ ಮದುವೆಯ ಸಮಯದಲ್ಲಿಯೇ ‘ಕೊಡುವುದನ್ನು ಕೊಟ್ಟಾಯಿತು’ ಎಂದು, ಆಮೇಲೆ ಹಕ್ಕು ಬಿಟ್ಟ ಪತ್ರಕ್ಕೆ ಮಗಳ ಸಹಿ ಹಾಕಿಸುವುದನ್ನು ಕಾಣದ ಧರ್ಮಕೇಂದ್ರ ಯಾವುದಿದೆ? ವರದಕ್ಷಿಣೆ ಕೆಟ್ಟದ್ದೆಂದು ಒಪ್ಪದ ತಂದೆತಾಯಿಗಳು ಇಂದು ಕಡಿಮೆ. ಕೊಡುವುದಿಲ್ಲವೆಂದು ಒಬ್ಬರೇ ನಿಂತರೆ ಮಗಳಿಗೆ ಸಂಬಂಧ ಕೂಡಿಬರಲಿಕ್ಕಿಲ್ಲ ಎಂಬ ಭಯವೇ ಅವರ ಕೈಕಟ್ಟಿದೆ. ಅಳಿಯಕಟ್ಟಿನ ಯಜಮಾನನ ಕೈಯನ್ನು ಕಟ್ಟಿದ್ದೂ ಇಂಥದೇ ಭಯ.

ಇಂಥ ಗಂಟನ್ನು ಬಿಡಿಸಿದ ಒಂದು ಉದಾಹರಣೆ ಚೀನಾದಲ್ಲಿದೆ. ಹೆಣ್ಣುಮಕ್ಕಳ ಪಾದಗಳನ್ನು ಎಳವೆಯಲ್ಲಿಯೇ ಬಿಗಿದು ಕಟ್ಟಿ ಚಿಕ್ಕದಾಗಿಸುವ ಕ್ರೂರ ರೂಢಿ ಅಲ್ಲಿ ಶತಮಾನಗಳ ಕಾಲ ನಡೆಯಿತು. ಚಕ್ರಾಜ್ಞೆಗಳಿಂದ ಅದು ನಿಲ್ಲಲಿಲ್ಲ. ಪಾದ ಕಟ್ಟದ ಹುಡುಗಿಗೆ ವರ ಸಿಗಲಾರನೆಂಬ ಭಯದಿಂದ ಪ್ರೀತಿಯುಳ್ಳ ತಾಯಂದಿರೇ ಕಟ್ಟುತ್ತಿದ್ದರು. 1870ರ ದಶಕದಲ್ಲಿ ಷಿಯಾಮೆನ್ ಎಂಬ ಬಂದರು ನಗರದ ಕ್ರೈಸ್ತ ಹೆಂಗಸರು, ಜಾನ್ ಮ್ಯಾಕ್‌ಗವನ್ ಎಂಬ ಮಿಷನರಿಯ ಪ್ರೇರಣೆಯಿಂದ, ಸಂಘ ಕಟ್ಟಿ ಹೆಣ್ಣುಮಕ್ಕಳ ಪಾದ ಕಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. 1895ರ ನಂತರ ಇಂಥ ಸಂಘಗಳು ದೇಶದಲ್ಲೆಲ್ಲ ಹರಡಿದವು. ಈ ಚರಿತ್ರೆಯನ್ನು 1996ರಲ್ಲಿ ವಿವೇಚಿಸಿದ ಜೆರ್ರಿ ಮ್ಯಾಕಿ ಎಂಬ ವಿದ್ವಾಂಸರು ಸಂಘಗಳ ಪ್ರತಿಜ್ಞೆಗೆ ಎರಡು ಮುಖವಿದ್ದುದನ್ನು ಎತ್ತಿ ತೋರಿಸಿದ್ದಾರೆ: ನಮ್ಮ ಮಗಳ ಪಾದವನ್ನು ಕಟ್ಟುವುದಿಲ್ಲ, ಪಾದ ಕಟ್ಟಿದ ಹುಡುಗಿಯನ್ನು ನಮ್ಮ ಮಗನಿಗೆ ತರುವುದಿಲ್ಲ. ಎರಡನೆಯದಿಲ್ಲದಿದ್ದರೆ ಮೊದಲನೆಯದು ನಿಲ್ಲುತ್ತಿರಲಿಲ್ಲ. ಗಂಡಿನ ತಾಯಂದಿರೂ ಸೇರಿ, ಪರಸ್ಪರ ಮದುವೆಯ ಸಂಬಂಧವುಳ್ಳಷ್ಟು ಮನೆಗಳು ಒಟ್ಟಿಗೆ ನಿಂತಾಗ ಭಯಕ್ಕೆ ಆಧಾರವೇ ಇಲ್ಲವಾಯಿತು. ಸಾವಿರ ವರ್ಷದ ರೂಢಿ ಒಂದು ತಲೆಮಾರಿನೊಳಗೆ ಬಹುಮಟ್ಟಿಗೆ ಮುಗಿಯಿತು. ವರದಕ್ಷಿಣೆಯ ವಿರುದ್ಧ ನಮ್ಮಲ್ಲಿ ನಡೆದ ಪ್ರತಿಜ್ಞೆಗಳಲ್ಲಿ ಹೆಚ್ಚಿನವು ಕೈಯೆತ್ತಿದ ಯುವಕರ ಒಂಟಿ ಪ್ರತಿಜ್ಞೆಗಳು, ಮನೆಗಳ ಪ್ರತಿಜ್ಞೆಗಳಲ್ಲ.

ಕೊನೆಗೆ ಅಳಿಯಕಟ್ಟಿನಲ್ಲಿ ಉಳಿದಿರುವ ಒಂದು ಭಾಗದ ಮಾತು. ಅಳಿಯಸಂತಾನದ ಕುಟುಂಬಗಳು ಬಳಿಗಳಾಗಿ ವಿಂಗಡವಾಗಿವೆ. ಬಳಿ ತಾಯಿಯಿಂದ ಬರುತ್ತದೆ, ಒಂದೇ ಬಳಿಯವರು ಪರಸ್ಪರ ಮದುವೆಯಾಗುವುದಿಲ್ಲ. ಆಸ್ತಿ ತಂದೆಯಿಂದ ಮಗನಿಗೆ ಹೋಗತೊಡಗಿ ಎರಡು ಮೂರು ತಲೆಮಾರುಗಳಾದರೂ ಬಳಿ ಮಾತ್ರ ತಾಯಿಯದೇ ಉಳಿದಿದೆ. ಆಸ್ತಿಯಲ್ಲಿ ಒಬ್ಬ ತಂದೆಗೆ ರೂಢಿ ತಪ್ಪಿ ನಡೆಯಲು ಕಾರಣವಿತ್ತು, ಮಗನ ಮೇಲಿನ ಅಕ್ಕರೆ. ಬಳಿಯನ್ನು ತಪ್ಪಿಸಿ ಹೇಳಿದರೆ ಯಾರಿಗೂ ಏನೂ ಸಿಗದು; ಎದುರಿನ ಮನೆಯವರು ತಾಯಿಯ ಬಳಿಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಬ್ರಹ್ಮಾವರದ ನೋಂದಣಿ ಕಚೇರಿಯಲ್ಲಿ ತಂದೆಯ ಹೆಸರಿನಿಂದ ಪಾಲುಪತ್ರ ಬರೆಸಿದ ಮನೆಯವರು, ಅದೇ ವಾರ ಮಗನಿಗೆ ಹೆಣ್ಣು ನೋಡಲು ಬೈಂದೂರಿಗೆ ಹೋದಾಗ, ಜಗಲಿಯಲ್ಲಿ ಕುಳಿತ ಹಿರಿಯರು ಬೆಲ್ಲ ನೀರು ಕೊಟ್ಟು ಮೊದಲು ಕೇಳುವುದು ‘ಹುಡುಗನ ಬಳಿ ಯಾವುದು?’ ಎಂದು. ಉತ್ತರವನ್ನು ತಾಯಿಯೇ ಹೇಳುತ್ತಾಳೆ.